ದೊಡ್ಡಬಸಮ್ಮನ ಒಂದು ಬಾಟಲಿ ರಕ್ತ

ಅರವತ್ತೇಳನೇ ಇಸವಿಯಲ್ಲಿ ದೊಡ್ಡಬಸಮ್ಮನಿಗೆ ತಲೆಸುತ್ತು ಶುರುವಾದಾಗ ಕೊಳ್ಳೇಗಾಲದ ಆ ಬೀದಿಯಲ್ಲಿ ಮನೆಗೊಬ್ಬ ವೈದ್ಯ ಹುಟ್ಟಿಕೊಂಡ. ರಕ್ತ ಕಡಿಮೆಯಾಗಿದೆ ಎಂದು ಎಲ್ಲರೂ ಒಂದೇ ಬಾಯಲ್ಲಿ ತೀರ್ಮಾನ ಕೊಟ್ಟರು. ಎದುರುಮನೆಯ ಚನ್ನಮಲ್ಲಮ್ಮ ನುಗ್ಗೆಸೊಪ್ಪು ತಂದುಕೊಟ್ಟಳು. ಮಗ ಪುಟ್ಟಮಾದಯ್ಯ ಖರ್ಜೂರ ತಂದ. ಭಾನುವಾರ ಬಂತೆಂದರೆ ಮೇಕೆ ಕಾಲಿನ ಸೂಪು. ಅವನು ಅಜ್ಜೀಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರು. ಬಸ್ಸು ನಿಂತಲ್ಲೆಲ್ಲ ಇಳಿದು ಅವ್ವನಿಗೆ ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದ. ಮೂರು ತಿಂಗಳಲ್ಲಿ ಅವಳ ಮುಖ ದಾಳಿಂಬೆಯ ಹಾಗೆ ಕೆಂಪೇರಿತು. ನೋಡಿದವರೆಲ್ಲ ಮಗನ ಬೆನ್ನು ತಟ್ಟಿದರು. ಪಾಪ, ಅವನೂ ಉಬ್ಬಿಹೋದ.

ಅರವತ್ತೈದು ವರ್ಷದ ಆ ಮುದುಕಿ ಇನ್ನೂ ಚರಕದ ಮುಂದೆ ಕೂತು ರೇಷ್ಮೆಗೂಡಿನಿಂದ ನೂಲು ತೆಗೆಯುತ್ತಿದ್ದಳು. ಮೈಯೆಲ್ಲ ನವೆ, ಬೆರಳ ತುದಿಯೆಲ್ಲ ಉರಿ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನವಿಡೀ ಗೂಡು ಬೇಯಿಸುವ ಕುದಿನೀರಿನಲ್ಲಿ ಕೈಯಾಡಿಸುವವರಿಗೆ ಉರಿಯದೆ ತಂಪಾಗುತ್ತದೆಯೇ? ಒಂದು ಬೆಳಿಗ್ಗೆ ಅವಳ ಬಲಗೈ ಎಳೆ ಹಿಡಿಯಲಾರದೆ ಜೋತುಬಿತ್ತು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಅವಳು ಮತ್ತೆ ಚರಕಕ್ಕೆ ಕೂರಲು ಹೊರಟಳು. ಮಗ ಬಿಡದೆ ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರು ಒಂದಿಷ್ಟು ರಕ್ತ ತೆಗೆದು ಪರೀಕ್ಷೆಗೆ ಮೈಸೂರಿಗೆ ಕಳಿಸಿದರು. ವಾರದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

“ನಿಮ್ಮ ತಾಯಿಗೆ ರಕ್ತ ಕಡಿಮೆಯಾಗಿಲ್ಲಪ್ಪ, ವಿಪರೀತ ಜಾಸ್ತಿಯಾಗಿದೆ. ಗಟ್ಟಿಯಾಗಿ ಹೆಪ್ಪುಗಟ್ಟೋ ಅಪಾಯ ಇದೆ. ಪೂರ್ತಿ ವಾಸಿಯಾಗೋ ಕಾಯಿಲೆ ಅಲ್ಲ. ಎರಡು ಮೂರು ತಿಂಗಳಿಗೊಂದು ಬಾಟಲಿ ತೆಗೆದುಬಿಟ್ಟರೆ ಚೆನ್ನಾಗೇ ಇರ್ತಾರೆ. ತೆಗೆಯದಿದ್ದರೆ ಮುಂದಿನ ಸಲ ಆ ಕೈ ಬರಲ್ಲ. ಜೀವಕ್ಕೇ ಬಂದರೂ ಬಂತು.”

ಪುಟ್ಟಮಾದಯ್ಯನಿಗೆ ತಾನು ಹೊತ್ತು ತಂದ ಖರ್ಜೂರವೆಲ್ಲ ಕಣ್ಣ ಮುಂದೆ ಬಂತು. ಅವ್ವ ಮಾತ್ರ ನೆಟ್ಟಗೆ ಕೂತು ಒಂದೇ ಮಾತು ಕೇಳಿದಳು.

“ತಗುದು ಏನ್ ಮಾಡೀರಿ ಸಾ?”

“ಚೆಲ್ತೀವಮ್ಮ. ಕಾಯಿಲೆಯ ರಕ್ತ, ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ.”

ದೊಡ್ಡಬಸಮ್ಮ ಎದ್ದಳು, ಸೆರಗು ಸರಿಮಾಡಿಕೊಂಡಳು, ಹೊರಟೇಬಿಟ್ಟಳು. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ಮಕ್ಕಳನ್ನು ಜಾಲಾಡುತ್ತಿದ್ದ ಹೆಂಗಸು ಅವಳು. ಹರಿದ ಸೀರೆ ಕೌದಿಯಾಗುವವರೆಗೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ.

“ಅಟ್ಟಿ ತುಂಬ ಮಕ್ಳಿಟ್ಕಂಡು ಅರೆಹೊಟ್ಟೆ ಉಂಡು ಮಾಡ್ಕಂಡಿರ ರಕ್ತ ಕಣ್ಲಾ ಇದು. ಮೋರಿಗೆ ಉಯ್ಯಕೆ ಕೊಟ್ಟೀನಾ? ಸತ್ರೆ ಸಾಯ್ತೀನಿ ಬುಡು,” ಎಂದಳು ದಾರಿಯಲ್ಲಿ.

ಹತ್ತು ದಿನ ಪುಟ್ಟಮಾದಯ್ಯ ರಮಿಸಿದ, ರೇಗಿದ, ಅತ್ತೂಬಿಟ್ಟ. ಕುಡಿದು ಗಲಾಟೆ ಮಾಡುವವರನ್ನು ಬಸ್ಸಿನಿಂದ ಎತ್ತಿ ಇಳಿಸುವ ಗಂಡಾಳು ಗುಬ್ಬಿಯಂಥ ಅವ್ವನನ್ನು ಅಲ್ಲಾಡಿಸಲಾರದೆ ಹೋದ. ಡ್ಯೂಟಿ ಮುಗಿಸಿ ಬಂದರೆ ಅವನ ಕಣ್ಣು ಮೊದಲು ಹೋಗುತ್ತಿದ್ದುದು ಅವಳ ಬಲಗೈ ಮೇಲೆ. ಆಡುತ್ತಿದೆ ಎಂದು ಕಂಡ ಮೇಲೇ ಚಪ್ಪಲಿ ಬಿಡುತ್ತಿದ್ದ.

ಹನ್ನೊಂದನೆಯ ದಿನ, ಬರಿಯ ಮಾತ್ರೆಯಲ್ಲಿ ಏನಾದರೂ ಆದೀತೇ ಎಂದು ಕೇಳಲು ಅವನೊಬ್ಬನೇ ಆಸ್ಪತ್ರೆಗೆ ಹೋದ. ಅಲ್ಲಿ ಹನೂರು ಕಡೆಯ ಮಹಾಲಕ್ಷ್ಮಮ್ಮ ಎಂಬ ಬಾಣಂತಿ ಹೆರಿಗೆಯಲ್ಲಿ ರಕ್ತ ಹರಿದು ಹೋಗಿ ಸುಣ್ಣದ ಹಾಗೆ ಬಿಳಿಚಿ ಮಲಗಿದ್ದಳು. ಗಂಡನ ರಕ್ತ ಹೊಂದಲಿಲ್ಲ. ಜೊತೆಗೆ ಬಂದಿದ್ದ ನೆಂಟರು ಸೂಜಿಯ ಸುದ್ದಿ ಕೇಳಿದ್ದೇ ತಡ, ಕಾಫಿಗೆಂದು ಹೋದವರು ಪತ್ತೆಯಿಲ್ಲ. ಡಾಕ್ಟರು ಪುಟ್ಟಮಾದಯ್ಯನ ಮುಖ ನೋಡಿದರು. ಅವನೇನೂ ಶೂರನಲ್ಲ, ಕಣ್ಣು ಬಾಗಿಲ ಕಡೆಗೇ ಹೋಯಿತು. ಆದರೆ ಏನೂ ನೋವಾಗಲ್ಲ ಬಾರವ್ವ ಎಂದು ಹತ್ತು ದಿನ ಬೊಗಳೆ ಬಿಟ್ಟವನು ಈಗ ಓಡಿಹೋದರೆ ಅವ್ವನಿಗೆ ಯಾವ ಮುಖ ತೋರಿಸುವುದು? ಪರೀಕ್ಷೆ ಮಾಡಿದರು. ಹೊಂದಿತು. ಕಣ್ಣು ಮುಚ್ಚಿಕೊಂಡು ತೋಳು ಚಾಚಿದ.

ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಂದ ಮಗನನ್ನು ಕಂಡು ದೊಡ್ಡಬಸಮ್ಮ ಚರಕ ಬಿಟ್ಟು ಎದ್ದಳು.

“ಯಾವನ್ಲಾ ನಿನ್ ರಕ್ತ ತಗುದೋನು?”

ಅವನು ಹೆದರುತ್ತಲೇ ಎಲ್ಲ ಹೇಳಿದ. ಬೈಗುಳ ಬೀಳುತ್ತದೆಂದು ಕಾದ. ಅವಳು ಆ ಪಟ್ಟಿಯ ಮೇಲೆ ಬೆರಳಾಡಿಸಿದಳು.

“ಬದುಕ್ಕಂಡ್ಲಾ?”

“ಊ ಕಣವ್ವ. ಎಣ್ಮಗ. ಅದೂ ಚೆಂದಾಗದೆ.”

“ನಾಳೀಕೆ ನನ್ ಕರ್ಕಂಡೋಗು. ನೋಡ್ಬೇಕು.”

ಮಾರನೆಯ ದಿನ ದೊಡ್ಡಬಸಮ್ಮ ಯಾರ ಅಪ್ಪಣೆಗೂ ಕಾಯದೆ ಬಾಣಂತಿಯ ಮಂಚದ ಅಂಚಿನಲ್ಲಿ ಕೂತಳು. ಉರಿಯುವ ಬೆರಳಿನಿಂದ ಅವಳ ಕೆನ್ನೆ ಮುಟ್ಟಿದಳು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ತೆಳುವಾಗಿ ಕೆಂಪು ತಿರುಗಿತ್ತು. ಪಕ್ಕದಲ್ಲಿ ಕೂಸು ಬಾಯಿ ಚಪ್ಪರಿಸುತ್ತಿತ್ತು. ಮಹಾಲಕ್ಷ್ಮಮ್ಮನಿಗೆ ಈ ಮುದುಕಿ ಯಾರೆಂದು ಗೊತ್ತಿರಲಿಲ್ಲ. ಆದರೂ ಅವಳ ಕೈ ಹಿಡಿದುಕೊಂಡಳು.

ಸುತ್ತು ಬಂದ ಡಾಕ್ಟರು ಬಾಗಿಲಲ್ಲೇ ನಿಂತರು. ದೊಡ್ಡಬಸಮ್ಮ ಅವರ ಕಡೆ ತಿರುಗಿದಳು.

“ಸಾ, ಇವ್ಳ ಮೈಲಿ ಓಡ್ತಿರದು ನನ್ ಮಗಂದಾ?”

“ಹೌದಮ್ಮ.”

“ನನ್ ಮಗಂಗೆ ಕೊಟ್ಟೋಳು ನಾನಲ್ವಾ?”

“ನೀವೇ ಅಮ್ಮ. ಇನ್ಯಾರು?”

ಅವಳು ಎದ್ದು ಪಕ್ಕದ ಖಾಲಿ ಮಂಚದ ಮೇಲೆ ಕಾಲು ನೀಡಿ ಮಲಗಿದಳು, ರವಿಕೆಯ ತೋಳು ಮೇಲಕ್ಕೆ ಸರಿಸಿದಳು. ಪುಟ್ಟಮಾದಯ್ಯ ಬಂದು ತಲೆಯ ಹತ್ತಿರ ನಿಂತ. ಅವನ ಮೂಗು ಸುರಿಯುತ್ತಿತ್ತು. ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದು ತನ್ನ ಪುಣ್ಯ ಎಂದು ಆ ಕ್ಷಣ ಅವನಿಗೆ ಅನ್ನಿಸಿದ್ದು ಸುಳ್ಳಲ್ಲ.

“ಒಳ್ಳೇದ್ನೆಲ್ಲ ಮಗಂಗೆ ಎಂದೋ ಕೊಟ್ಟಾಗದೆ ಸಾ,” ಎಂದಳು ದೊಡ್ಡಬಸಮ್ಮ. “ಇದು ಮಿಕ್ಕಿದ್ದು. ತಗುದು ಎಲ್ಗಾದ್ರೂ ಉಯ್ಕಳಿ.”