ಹೂ ಏರಿಸಿದ ಹಾರೆ

ಹೊಳೆಪ್ಪನ ಕಸುಬು ಬಿಚ್ಚುವುದು. ಮನೆ ಕಟ್ಟುವವರು ತಿರ್ಲಾಪುರದಲ್ಲಿ ಹತ್ತು ಮಂದಿ ಸಿಕ್ಕಾರು, ಕಟ್ಟಿದ್ದನ್ನು ಮುರಿಯದೆ ಬಿಚ್ಚುವವನು ಅವನೊಬ್ಬನೇ. ಹಳೇ ಮಾಳಿಗೆ ಮನೆ ತೆಗೆಸಿ ಸ್ಲ್ಯಾಬ್ ಹಾಕಿಸುವವರು ಮೊದಲು ಅವನ ಕಟ್ಟೆಗೆ ಬಂದು ಕೂಡಬೇಕು. ತೊಲೆ ಸೀಳದಂತೆ ಇಳಿಸುತ್ತಾನೆ, ಫರಸಿ ಕಲ್ಲನ್ನು ಮೂಲೆ ಚಕ್ಕೆ ಏಳದಂತೆ ಎಬ್ಬಿಸುತ್ತಾನೆ, ಅಜ್ಜನ ಕಾಲದ ಮೊಳೆಯನ್ನು ಸೊಟ್ಟ ಮಾಡದೆ ಕಿತ್ತು ಡಬ್ಬಿಗೆ ಹಾಕುತ್ತಾನೆ. ಇಂಥ ಮನುಷ್ಯ ತನ್ನದೇ ಮನೆಯ ದೇವರ ಕೋಣೆಯಲ್ಲಿ ಸಿಕ್ಕಿಬಿದ್ದನೆಂದರೆ ನಗಬಾರದು, ನಿಜ. ಆದರೆ ಊರು ನಕ್ಕಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದರೆ ಯಾರು ತಾನೇ ಬಾಯಿ ಮುಚ್ಚಿಕೊಂಡಾರು?

ಅವತ್ತು ಮಹಾನವಮಿ, ಖಂಡೇಪೂಜೆ. ಹತ್ಯಾರಗಳನ್ನೆಲ್ಲ ತೊಳೆದು, ವಿಭೂತಿ ಬಳಿದು, ಚೆಂಡು ಹೂ ಏರಿಸಿ, ಕಾಯಿ ಒಡೆದು ಮಣೆಯ ಮೇಲೆ ಇಟ್ಟರೆ ಮುಗಿಯಿತು. ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಅವನ್ನು ಮುಟ್ಟುವಂತಿಲ್ಲ. ಈ ನೇಮ ಊರಿಗೆಲ್ಲ ಇದೆ. ಆದರೆ ತೀರ ಅಡಚಣೆ ಬಂದರೆ ಉಳಿದವರು ಗಲ್ಲ ಗಲ್ಲ ಬಡಿದುಕೊಂಡು "ತಪ್ಪಾತಪಾ" ಎಂದು ಎತ್ತಿಕೊಳ್ಳುತ್ತಾರೆ. ಹೊಳೆಪ್ಪ ಮಾತ್ರ ಎತ್ತುವ ಪೈಕಿ ಅಲ್ಲ. ಅವನಪ್ಪ ಒಮ್ಮೆ ಖಂಡೇಪೂಜೆಯ ದಿನ ಹಾರೆ ಎತ್ತಿ ತನ್ನ ಕಾಲಿನ ಹೆಬ್ಬೆರಳ ಮೇಲೇ ಹಾಕಿಕೊಂಡಿದ್ದ. ಬೆರಳು ಹೋಯಿತು, ಮನೆಗೆ ಹಟ ಬಂತು.

ಆ ಹಟದಿಂದ ಹೊಳೆಪ್ಪ ಹೋದ ವರ್ಷ ಒಬ್ಬ ಗೆಳೆಯನನ್ನು ಕಳೆದುಕೊಂಡಿದ್ದ.

ಗೆಳೆಯನೆಂದರೆ ಬಡಿಗೇರ ಕೆಲಸದ ನಿಜಾಮಸಾಬ, ಮೂರು ಮನೆ ಆಚೆಯವನು. ನಲವತ್ತು ವರ್ಷದ ಜೋಡಿ. ಹೊಳೆಪ್ಪ ಮೊಳೆ ಕೀಳುವುದು, ನಿಜಾಮಸಾಬ ಬಾಜೂಕ್ಕೆ ಡಬ್ಬಿ ಹಿಡಿದು ಕೂಡುವುದು. ಹೊಳೆಪ್ಪ ಬಿಚ್ಚಿದ ಬಾಗಿಲನ್ನು ನಿಜಾಮಸಾಬ ಹೊಸ ಮನೆಗೆ ಕೂಡಿಸುವುದು. ಖಂಡೇಪೂಜೆಗೂ ಇಬ್ಬರ ಹತ್ಯಾರ ಒಂದೇ ಮಣೆಯ ಮೇಲೆ, ಹೊಳೆಪ್ಪನ ದೇವರ ಕೋಣೆಯಲ್ಲೇ. ಹೋದ ವರ್ಷ ಪೂಜೆ ಮುಗಿದ ಮೇಲೆ ನಿಜಾಮಸಾಬನ ತಾಯಿ ಇಮಾಂಬಿ ಜೋಳ ತರಲು ತಮ್ಮ ಮನೆಯ ಪಡಸಾಲೆಗೆ ಹೊಂದಿದ ಕೋಣೆಗೆ ಹೋದಳು. ಹಿಂದೆ ಬಾಗಿಲು ಹಾಕಿಕೊಂಡಿತು, ಅಗಳಿ ಬಿಗಿದು ಕೂತಿತು. ಎಂಬತ್ತು ದಾಟಿದ ಮುದುಕಿ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಳು. ನಿಜಾಮಸಾಬ ಹಾರೆಗೆ ಓಡಿ ಬಂದ. ಹೊಳೆಪ್ಪ ದೇವರ ಕೋಣೆಯ ಬಾಗಿಲಿಗೆ ಅಡ್ಡ ನಿಂತ.

"ನಿಂದ ಬ್ಯಾಡಪಾ, ನನ್ನ ಉಳಿನರೆ ಕೊಡು," ಎಂದ ನಿಜಾಮಸಾಬ.

"ಯಾವದೂ ಎತ್ತಂಗಿಲ್ಲ. ಅವ್ವ ಒಳಗ ಆರಾಮ ಅದಾಳ. ಬೆಳಕಿಂಡಿ ಐತಿ, ಗಾಳಿ ಬರತೈತಿ. ನಾಳೆ ತಗದರಾತು."

ನಾಳೆ ತೆಗೆದರಾಯಿತಂತೆ! ನಾಲಿಗೆಗೆ ಎಲುಬಿಲ್ಲ ಎನ್ನುವುದು ಇದಕ್ಕೇ. ನಿಜಾಮಸಾಬ ತಿರುಗಿ ಹೋದ. ರುಬ್ಬುವ ಒಳ್ಳಿನ ಗುಂಡುಕಲ್ಲು ಎತ್ತಿ, ತನ್ನಪ್ಪ ಮಾಡಿದ ಸಾಗವಾನಿ ಬಾಗಿಲನ್ನು ತನ್ನ ಕೈಯಾರೆ ಒಡೆದು ತಾಯಿಯನ್ನು ಹೊರಗೆ ತಂದ. ಆಮೇಲೆ ಆ ತೂತಿಗೆ ತಗಡು, ಹಲಗೆ ಇಟ್ಟು ಮನಸಿಗೆ ಬಂದಂತೆ ಮೊಳೆ ಬಡಿದ. ತಾಲೂಕಿನಲ್ಲೇ ಒಳ್ಳೇ ಬಡಿಗ ಅವನು. ಆದರೂ ವರ್ಷವಿಡೀ ಅದನ್ನು ಹಾಗೇ ಬಿಟ್ಟ. ಪಡಸಾಲೆಯ ಆ ಬಾಗಿಲು ಓಣಿಗೆ ಕಾಣುತ್ತಿತ್ತು, ಹೊಳೆಪ್ಪ ಅಲ್ಲಿ ಬಂದಾಗಲೆಲ್ಲ ಆಕಾಶ ನೋಡುತ್ತ ದಾಟುತ್ತಿದ್ದ.

ಈ ವರ್ಷ ಮಣೆಯ ಮೇಲೆ ಅರ್ಧ ಜಾಗ ಖಾಲಿ ಇತ್ತು. ಹೆಂಡತಿ ರೇವವ್ವ ಅದನ್ನು ನೋಡಿ ಸುಮ್ಮನಿರುವ ಹೆಂಗಸಲ್ಲ.

"ನಿಜಾಮಣ್ಣನ ಹತ್ಯಾರ ಇಲ್ಲದ ಮಣಿ ಬಣಾಬಣಾ ಅನಸ್ತೈತಿ. ಹೋಗಿ ಕರೀರಿ. ಏನ ಸಣ್ಣಾವರಾಗತೀರೇನು?"

"ನೀ ಹೋಳಿಗಿ ಮಾಡು, ನನಗ ಬುದ್ಧಿ ಹೇಳಬ್ಯಾಡ!" ಎಂದು ಹೊಳೆಪ್ಪ ಒಳಗೆ ಹೋಗಿ ಬಾಗಿಲನ್ನು ದಢಾರನೆ ಹಾಕಿದ.

ಹಾಕಬಾರದಿತ್ತು. ತಿರ್ಲಾಪುರದ್ದು ಎರೆಭೂಮಿ, ಮಳೆ ಕುಡಿದರೆ ಉಬ್ಬಿ ಮನೆಯ ನೆಲವನ್ನೇ ಎತ್ತುತ್ತದೆ. ದೇವರ ಕೋಣೆಯ ಬಾಗಿಲ ಹಿಂದಿನ ಫರಸಿ ಎರಡು ಬೆರಳು ಎದ್ದಿತ್ತು. "ಕೆಳಗ ಕೂಡಸ್ರಿ" ಎಂದು ರೇವವ್ವ ಯುಗಾದಿಯಿಂದ ಹೇಳುತ್ತ ಬಂದಿದ್ದಳು. ಊರ ಫರಸಿ ಎಬ್ಬಿಸುವವನಿಗೆ ಮನೆಯ ಫರಸಿಗೆ ಪುರಸೊತ್ತು ಸಿಕ್ಕಿರಲಿಲ್ಲ. ಈಗ ದಢಾರೆಂದ ಹೊಡೆತಕ್ಕೆ ಬಾಗಿಲು ಆ ಕಲ್ಲು ಹತ್ತಿ ದಾಟಿ, ಚೌಕಟ್ಟಿಗೆ ಹೋಗಿ ಬಿಗಿದು ಕೂತಿತು. ಒಳಮುಖಕ್ಕೆ ತೆರೆಯುವ ಬಾಗಿಲು. ಎದುರಿಗೇ ಕಲ್ಲು ಅಡ್ಡ.

ಪೂಜೆ ಮುಗಿಸಿ ಹೊಳೆಪ್ಪ ಎಳೆದ. ಜಗ್ಗಿದ. ಗೋಡೆಗೆ ಕಾಲು ಕೊಟ್ಟು ಜಗ್ಗಿದ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ.

"ಏ ರೇವವ್ವಾ!"

"ಹೋಳಿಗಿ ಮಾಡಾಕತ್ತೇನ್ರಿ. ಬುದ್ಧಿ ಹೇಳಾಕ ಬರಂಗಿಲ್ಲ."

"ಬಾಗಲಾ ಸಿಕ್ಕಾಕ್ಕೊಂಡೈತಬೇ!"

ಲಟ್ಟಣಿಗೆಯ ಸಪ್ಪಳ ನಿಂತಿತು. ಆಮೇಲೆ ರೇವವ್ವ ನಕ್ಕಳು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವಳು ಹೀಗೆ ನಕ್ಕದ್ದನ್ನು ಹೊಳೆಪ್ಪ ಕೇಳಿರಲಿಲ್ಲ, ಅವನಿಗೆ ಮೈಯೆಲ್ಲ ಉರಿಯಿತು.

ಅಷ್ಟು ಹೊತ್ತಿಗೆ ಅದಕ್ಕಿಂತ ದೊಡ್ಡ ಫಜೀತಿ ಶುರುವಾಗಿತ್ತು. ಪೂಜೆಗೆ ಉಪವಾಸವೆಂದು ಹೊಳೆಪ್ಪ ಬೆಳಗಿನಿಂದ ಬರೀ ಚಹ ಮೂರು ಸಲ, ಮೇಲೆ ಒಂದು ಚರಗಿ ಮಜ್ಜಿಗೆ ಕುಡಿದಿದ್ದ. ಅವನಿಗೆ ಒಂದಕ್ಕೆ ಬಂದಿತ್ತು. ದೇವರ ಕೋಣೆ! ಎದುರಿಗೆ ಬಸವಣ್ಣ, ಪಕ್ಕಕ್ಕೆ ಮನೆದೇವರ ಜಗುಲಿ, ಗೋಡೆಗೆ ಅಪ್ಪನ ಫೋಟೋ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅದೇ ಹೊತ್ತಿಗೆ ಎಂಟು ದಿನಕ್ಕೊಮ್ಮೆ ಬರುವ ನಳದ ನೀರು ಇವತ್ತೇ ಬರಬೇಕೇ? ಗೋಡೆಯ ಆಚೆ ಕೊಡಕ್ಕೆ ಸುರ್‌ ಎಂದು ನೀರು ಬೀಳತೊಡಗಿತು.

"ಅಯ್ಯೋ ಶಿವನೇ, ಆ ನಳಾ ಬಂದ ಮಾಡಿಸಬೇ!"

"ಎಂಟ ದಿವಸಕ್ಕ ಒಮ್ಮಿ ಬರೋ ನೀರ್ರಿ ಅದು, ಯಾರ ಬಂದ ಮಾಡತಾರ?"

ಓಣಿಯ ಮಂದಿ ಕೂಡಿದರು. ಹನಮಂತಪ್ಪ ಎಂಬ ದೊಡ್ಡಗಂಟಲಿನ ನೆರೆಯವನು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತ ಬಂದ.

"ಚಿಂತಿ ಮಾಡಬ್ಯಾಡ್ರಿ ಹೊಳೆಪ್ಪಣ್ಣ! ಒಳ್ಳಿನ ಗುಂಡ ತರತೇನಿ, ಎಲ್ಡ ಏಟಿಗೆ ಬಾಗಲಾ ಪುಡಿಪುಡಿ!"

"ಲೇ ಲೇ, ಮುಟ್ಟಿಗಿಟ್ಟೀ! ಅಣ್ಣಿಗೇರಿ ವಾಡೇದಿಂದ ತಂದ ಬಾಗಲಾ ಅದು. ನೂರ ವರ್ಷದ್ದು!"

ಹಾಗೆಂದವನಿಗೆ ತನ್ನ ಮಾತು ತನ್ನ ಕಿವಿಗೇ ಬಿತ್ತು. ನಿಜಾಮಸಾಬನ ಅಪ್ಪ ಮಾಡಿದ ಇನ್ನೊಂದು ಬಾಗಿಲು ನೆನಪಾಯಿತು. ಅವತ್ತು ಗುಂಡಿನ ಏಟು ಒಂದೊಂದೂ ಮೂರು ಮನೆ ದಾಟಿ ಇದೇ ಕೋಣೆಗೆ ಕೇಳಿಸಿತ್ತು. ಅವನು ಆಗ ಏನು ಮಾಡುತ್ತಿದ್ದ? ಹಾರೆಗೆ ಹೂ ಸರಿ ಮಾಡುತ್ತಿದ್ದ.

ಮಣೆಯ ಮೇಲಿನ ಹಾರೆಯನ್ನು ನೋಡಿದ. ಐದಡಿ ಕಬ್ಬಿಣ, ಹಣೆಗೆ ವಿಭೂತಿ, ಕೊರಳಿಗೆ ಚೆಂಡು ಹೂ. ಬಾಗಿಲ ಅಡಿಗೆ ಅದರ ತುದಿ ಕೊಟ್ಟು ಮೀಟಿದರೆ ಮೂರು ನಿಮಿಷದ ಕೆಲಸ. ಆದರೆ ಈಗ ತನಗೆ ಒಂದಕ್ಕೆ ಬಂತೆಂದು ಅದನ್ನು ಎತ್ತಿದನೆಂದರೆ, ಹೋದ ವರ್ಷ ಇಮಾಂಬಿಗಾಗಿಯೂ ಎತ್ತಬಹುದಿತ್ತು ಎಂದು ಇಡೀ ಓಣಿಯ ಮುಂದೆ ಒಪ್ಪಿಕೊಂಡ ಹಾಗೆ. ನೇಮವಲ್ಲ, ಬರೀ ಹಟ ಎಂದು ಒಪ್ಪಿಕೊಂಡ ಹಾಗೆ. ಹೊಳೆಪ್ಪ ಕಾಲಿಗೆ ಕಾಲು ಕೂಡಿಸಿ ನಿಂತ. ಕೂತ. ಮತ್ತೆ ಎದ್ದ.

ರೇವವ್ವ ಯಾರನ್ನೂ ಕೇಳದೆ ಹೋಗಿ ನಿಜಾಮಸಾಬನನ್ನು ಕರೆತಂದಳು.

ಬಾಗಿಲ ಹೊರಗೆ ಕೆಮ್ಮು ಕೇಳಿಸಿತು. ವರ್ಷವಾದರೂ ಆ ಕೆಮ್ಮಿನ ಗುರುತು ಹತ್ತದೆ ಇದ್ದೀತೇ? ಹೊಳೆಪ್ಪ ಬಾಗಿಲಿಗೆ ಕಿವಿ ಹಚ್ಚಿದ.

"ನಿಜಾಮಾ?"

"ಹೂಂ."

"ಏನರೆ ಹತ್ಯಾರ ತಂದಿಯೇನು?"

"ಇಲ್ಲ."

"ನಿಂದೇನ ಪೂಜಿಗೆ ಇಟ್ಟಿಲ್ಲಲಾ ಈ ಸಲ..."

"ಯಾರ ಹೇಳಿದರು ಇಟ್ಟಿಲ್ಲಂತ? ನಿನ್ನ ಮನ್ಯಾಗ ಇಟ್ಟಿಲ್ಲ. ನನ್ನ ಮನ್ಯಾಗ ಇಟ್ಟೇನಿ. ನೀ ಮಾತ ಬಿಟ್ಟಿ ಅಂತ ನಾ ನೇಮ ಬಿಡಲ್ಯಾ?" ನಿಜಾಮಸಾಬ ಅಗದಿ ಸಮಾಧಾನದಿಂದ ಹೇಳಿದ, "ಮತ್ತ ನೀ ಒಳಗ ಆರಾಮ ಅದಿ. ಬೆಳಕಿಂಡಿ ಐತಿ, ಗಾಳಿ ಬರತೈತಿ. ನಾಳೆ ತಗದರಾತು."

ಓಣಿಯವರು ಒಬ್ಬರೂ ನಗಲಿಲ್ಲ. ಹನಮಂತಪ್ಪನೂ ಮೊಬೈಲ್ ಇಳಿಸಿದ. ಮಾಡಿದ್ದುಣ್ಣೋ ಮಾರಾಯ ಎಂದು ಎಲ್ಲರ ಮುಖದ ಮೇಲೂ ಬರೆದಿತ್ತು. ನಳದ ನೀರೊಂದು ಮಾತ್ರ ಸುರ್‌ ಎಂದು ಬೀಳುತ್ತಲೇ ಇತ್ತು.

ಒಳಗೆ ಹೊಳೆಪ್ಪ ಅಪ್ಪನ ಫೋಟೋಕ್ಕೆ ಕೈಮುಗಿದ. ಆಗ ಅವನಿಗೆ ಜ್ಞಾನೋದಯವಾಯಿತು ಎಂದು ಬರೆದರೆ ಚಂದ. ಆದರೆ ಸುಳ್ಳೇಕೆ ಹೇಳಬೇಕು? ಅರ್ಧ ಕೆಲಸ ಪಶ್ಚಾತ್ತಾಪ ಮಾಡಿತು, ಇನ್ನರ್ಧ ಮಜ್ಜಿಗೆ ಮಾಡಿತು. ಗಲ್ಲ ಗಲ್ಲ ಬಡಿದುಕೊಂಡು ಹೂವಿನ ಮಾಲೆ ತೆಗೆದಿಟ್ಟು ಹಾರೆ ಎತ್ತಿದ. ಬೆರಳ ಮೇಲೆ ಏನೂ ಬೀಳಲಿಲ್ಲ.

ಕಲ್ಲಿನ ಬಾಜೂಕ್ಕೆ ಬಾಗಿಲ ಅಡಿಗೆ ಒಂದು ಸಂದಿತ್ತು. ಅಲ್ಲಿಗೆ ತುದಿ ಕೊಟ್ಟು, ಕೆಳಗೆ ತಾನು ಕೂಡುವ ಮಣೆ ಒಟ್ಟಿ, ಮೈಭಾರ ಹಾಕಿ ಮೀಟಿದ. ಬಾಗಿಲು ಎರಡು ಬೆರಳು ಎದ್ದಿತು. ಆದರೆ ಎಳೆಯುವುದು ಹೇಗೆ? ಎಳೆಯಲು ಕೈ ಬಿಟ್ಟರೆ ಬಾಗಿಲು ಮತ್ತೆ ಕೆಳಗೆ. ಮತ್ತೆ ಎತ್ತಿದ, ಮತ್ತೆ ಬಿತ್ತು. ಅದು ಇಬ್ಬರ ಕೆಲಸ. ಅವನ ಕೆಲಸವೆಲ್ಲ ಯಾವಾಗಲೂ ಇಬ್ಬರದೇ ಆಗಿತ್ತು.

"ನಿಜಾಮಾ, ನಾ ಎತ್ತತೇನಿ. ನೀ ಹೊರಗಿಂದ ನೂಕತಿಯೇನು?"

"ಯಾವದರಲೆ ಎತ್ತತಿ?"

ಹೊಳೆಪ್ಪ ಹಲ್ಲು ಕಚ್ಚಿದ. "ಹಾರೀಲೆ."

"ಇವತ್ತ?"

"ಇವತ್ತ." ಆಮೇಲೆ ಅವನ ದನಿ ಇಳಿಯಿತು. "ಹೋದ ವರ್ಷ ಎತ್ತಬೇಕಾಗಿತ್ತೋ ನಿಜಾಮ. ತಪ್ಪಾತು. ಅವ್ವ ಬಾಗಲಾ ಬಡ್ಯೂದು ನನಗೂ ಕೇಳಸ್ತಿತ್ತು."

ಹೊರಗೆ ಹೆಜ್ಜೆ ಹಿಂದೆ ಸರಿದದ್ದು ಕೇಳಿಸಿತು. ಅವನು ಹೋಗಿಬಿಟ್ಟನೇನೋ ಎಂದು ಹೊಳೆಪ್ಪನಿಗೆ ದಿಗಿಲಾಯಿತು. ಅಷ್ಟರಲ್ಲಿ ಬಾಗಿಲಿಗೆ ಒಂದು ಭುಜ ಒರಗಿದ ಸಪ್ಪಳ ಬಂತು.

"ಬಾಜೂಕ ಸರದ ನಿಂದ್ರು, ಮಕದ ಮ್ಯಾಲ ಬಂದೀತು. ಹೂಂ, ಒಂದ... ಎಲ್ಡ..."

ಮೂರಕ್ಕೆ ಬಾಗಿಲು ಕಲ್ಲು ಹತ್ತಿ ಇಳಿದು ಪೂರಾ ತೆರೆಯಿತು. ನಿಜಾಮಸಾಬ ಒಳಗೆ ಮುಗ್ಗರಿಸಿದ. ಇಬ್ಬರೂ ಎದುರುಬದುರಾದರು. ಇಬ್ಬರ ಕಣ್ಣೂ ಒದ್ದೆಯಾಗಿದ್ದವು, ಹೊಳೆಪ್ಪನದಕ್ಕೆ ಕಾರಣ ಎರಡಿದ್ದವು. ಅವನು ಬಾಯಿ ತೆರೆದ.

"ಮೊದಲ ಹೋಗಿ ಬಾರಲೇ," ಎಂದ ನಿಜಾಮಸಾಬ. ಹೊಳೆಪ್ಪ ಹಿತ್ತಲಿಗೆ ಓಡಿದ ಓಟವನ್ನು ಹನಮಂತಪ್ಪ ಬಿಡದೆ ವಿಡಿಯೋ ಮಾಡಿದ.

ತಿರುಗಿ ಬಂದವನು ಕೈಕಾಲು ತೊಳೆದು, ಹಾರೆಯನ್ನು ಮತ್ತೆ ಮಣೆಯ ಮೇಲೆ ಇಟ್ಟು ಕೈಮುಗಿಯುತ್ತಾನೆ ಎಂದು ರೇವವ್ವ ತಿಳಿದಿದ್ದಳು. ಆದರೆ ಅವನು ಮಣೆಯಿಂದ ಬಾಯಿ ಸೀಳಿದ ಗಿಡ್ಡ ಹಾರೆಯನ್ನೂ ಎತ್ತಿಕೊಂಡ, ಮೊಳೆ ಕೀಳುವುದನ್ನು.

"ಅಯ್ಯ, ಮತ್ಯಾಕ್ರಿ ಅದು?"

"ಒಂದ ಎತ್ತಿದ್ರೂ ಅಷ್ಟ, ಎಲ್ಡ ಎತ್ತಿದ್ರೂ ಅಷ್ಟ. ಬರೇ ನನ್ನ ಸಲುವಾಗಿ ಎತ್ತಿ ಇಟ್ಟುಬಿಟ್ಟರ ಅಪ್ಪನೂ ಮಾಫ ಮಾಡಂಗಿಲ್ಲ. ಏ ನಿಜಾಮ, ಡಬ್ಬಿ ತಗೋ."

ಮೂರು ಮನೆ ದಾಟಿದರು. ಈ ಸಲ ಹೊಳೆಪ್ಪ ಆಕಾಶ ನೋಡಲಿಲ್ಲ. ತಗಡು, ಹಲಗೆ ಬಡಿದ ಆ ಬಾಗಿಲ ಮುಂದೆ ಕೂತು ಮೊದಲ ಮೊಳೆಯ ತಲೆಗೆ ಹಾರೆಯ ಬಾಯಿ ಕೊಟ್ಟು ಮೀಟಿದ. ಕಿರ್ರೆಂದು ಮೊಳೆ ಬಂತು, ನಿಜಾಮಸಾಬನ ಡಬ್ಬಿಯಲ್ಲಿ ಠಣ್ ಎಂದು ಬಿತ್ತು.

ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ ಇಮಾಂಬಿ ಕತ್ತೆತ್ತಿದಳು. "ಯಾರದು?"

"ನಾನಬೇ, ಹೊಳೆಪ್ಪ. ಬಾಗಲಾ ತಗ್ಯಾಕ ಬಂದೇನಿ."

ಮುದುಕಿ ಅವನನ್ನೂ ಅವನ ಕೈಯಲ್ಲಿದ್ದ ಹಾರೆಯನ್ನೂ ನೋಡಿದಳು.

"ಈಗ ಬಂದ್ಯಾ ನನ ಮಗನ? ನಾ ಹೊರಗ ಬಂದು ಒಂದ ವರ್ಷಾತು."

ಹೊಳೆಪ್ಪ ಹಾರೆ ಕೆಳಗಿಟ್ಟ. "ತಡಾ ಆತಬೇ," ಎಂದ.

"ಆತು ಬಿಡು, ಬಂದ್ಯಲ್ಲ. ಮೊಳಿ ಸೊಟ್ಟ ಮಾಡಬ್ಯಾಡ, ಹೊಸಾ ಬಾಗಲಕ್ಕ ಬೇಕು."