ಶೇಷಾದ್ರಿಯ ಕಾಲ್ಗುಣ

ಫೆಲ್ಥಮ್‌ನ ಕಶ್ಯಪನ ಫ್ಲ್ಯಾಟಿನಲ್ಲಿ ಫೆಬ್ರವರಿಯ ಒಂದು ಬೆಳಿಗ್ಗೆ ಚರಿತ್ರಾರ್ಹ ವಿಚಾರಣೆಯೊಂದು ನಡೆಯಿತು. ಮೆಲ್ಬರ್ನಿನಲ್ಲಿದ್ದಾಗ ಹಚ್ಚಿಕೊಂಡ ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡವನ್ನು ಕಶ್ಯಪ, ಮಾಳವಿಕಾ, ಶೇಷಾದ್ರಿ ಮೂವರೂ ಲಂಡನ್ನಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಕಳೆದ ವರ್ಷ ಶೇಷಾದ್ರಿ ಜೊತೆಗೆ ಕೂತು ನೋಡಿದ ಏಳೂ ಪಂದ್ಯಗಳಲ್ಲಿ ತಂಡ ಸೋತಿತ್ತು. ಸೀಸನ್ನಿಗೆ ಮುಂಚಿನ ಈ ಅಭ್ಯಾಸ ಪಂದ್ಯ ಗೆದ್ದರೆ ಮಾತ್ರ ಅವನಿಗೆ ಇನ್ನು ಸೋಫಾದಲ್ಲಿ ಜಾಗ.

"ಕಾಲ್ಗುಣ ನೋಡೋದು ಹೊಸ ಸೊಸೆಗೆ ಕಣ್ರೋ," ಎಂದು ಶೇಷಾದ್ರಿ ಬಾಗಿಲಲ್ಲೇ ಗೊಣಗಿದ.

"ಬಲಗಾಲಿಟ್ಟು ಬಾ, ಮಾತಾಡಬೇಡ," ಎಂದಳು ಮಾಳವಿಕಾ.

ಕೊನೆಯ ಸೈರನ್ ಕೂಗಿದಾಗ ತಂಡ ನಲವತ್ತು ಪಾಯಿಂಟಿನಿಂದ ಗೆದ್ದಿತ್ತು.

"ಈಗೇನಂತೀರಿ?" ಎಂದು ಶೇಷಾದ್ರಿ ಕಾಲು ಚಾಚಿದ.

"ಸೀಸನ್ನಿಗೆ ಬೇಕಿದ್ದ ಗೆಲುವನ್ನ ಲೆಕ್ಕಕ್ಕಿಲ್ಲದ ಪಂದ್ಯಕ್ಕೆ ಸುರಿದುಬಿಟ್ಟೆಯಲ್ಲೋ, ಪಾಪಿ!" ಎಂದ ಕಶ್ಯಪ.

ಈ ವರ್ಷ ಶೇಷಾದ್ರಿ ಪಂದ್ಯಗಳನ್ನು ತನ್ನ ಮನೆಯಲ್ಲಿ ಒಬ್ಬನೇ ನೋಡುತ್ತಿದ್ದಾನೆ.