ಥರ್ಜಾಳ ಹೊಗೆಯಿಲ್ಲದ ಚಿಮಣಿ

ಡರ್ಬಿಶೈರ್ ಬೆಟ್ಟದ ಆ ಕಲ್ಲುಗಣಿಯ ಊರಲ್ಲಿ ಕೊಲೆ ಮಾಡಿದವನಿಗೂ ಕ್ಷಮೆಯಿತ್ತು. ಚಳಿಗಾಲದಲ್ಲಿ ಎಲ್ಲರಿಗಿಂತ ಮೊದಲು ಅಗ್ಗಿಷ್ಟಿಕೆ ಹೊತ್ತಿಸಿದವರಿಗೆ ಮಾತ್ರ ಇರಲಿಲ್ಲ. ಚಳಿಗೆ ಮುದುಡುವ ಅಂಥ ಬೆಣ್ಣೆಮುದ್ದೆಗಳನ್ನು ಊರು ‘ನೆಶ್’ ಎನ್ನುತ್ತಿತ್ತು. ಒಮ್ಮೆ ಅಂಟಿದರೆ ಗೋರಿಯವರೆಗೂ ಬಿಡದ ಹೆಸರು. ಎಪ್ಪತ್ತನಾಲ್ಕರ ಥರ್ಜಾ ಹೀತ್‌ಕೋಟ್ ನಲವತ್ತು ವರ್ಷ ಆ ಹೆಸರು ತನ್ನ ಹೊಸ್ತಿಲು ದಾಟದಂತೆ ಕಾದಿದ್ದಳು. ಎದುರುಮನೆಯ ಹೊರೇಸ್ ಅಷ್ಟೇ ವರ್ಷ ಕಿಟಕಿಯಲ್ಲಿ ಕೂತು ಅವಳ ಚಿಮಣಿಯನ್ನು ಕಾದಿದ್ದ.

ಆ ಅಕ್ಟೋಬರಿನಲ್ಲಿ ಎಂಥ ಚಳಿಯೆಂದರೆ, ಕೋಳಿ ಇಟ್ಟ ಮೊಟ್ಟೆ ನೆಲಕ್ಕೆ ಬಿದ್ದು ಠಣ್ಣೆನ್ನುತ್ತಿತ್ತು. ಆಗಲೇ ಲಂಡನ್ನಿನ ಪಂಡಿತ ಪೆಲಮ್, ‘ನೆಶ್’ ಪದದ ಹುಟ್ಟು ಹುಡುಕುತ್ತ ಟೇಪ್ ರೆಕಾರ್ಡರ್ ಹೊತ್ತು ಥರ್ಜಾಳ ಮನೆಗೆ ಬಂದ. ಮೂರು ಸ್ವೆಟರ್ ತೊಟ್ಟಿದ್ದರೂ ಹಲ್ಲು ಕಟಕಟ.

“ಸಾವಿರ ವರ್ಷದ ಪದ ಅಮ್ಮಾ ಇದು. ಮೂಲದಲ್ಲಿ ‘ಮೆತ್ತಗಿರೋದು’ ಅಂತಷ್ಟೇ ಅರ್ಥ. ಬೈಗುಳ ಅಲ್ಲ.”

“ಅಲ್ವಂತೆ! ಯಾರಪ್ಪಾ ಹೇಳಿದ್ದು?”

“ಹಳೇ ಪುಸ್ತಕಗಳು.”

“ಪುಸ್ತಕಕ್ಕೇನು ಗೊತ್ತು ಚಳಿ?”

“ಹಾಗಾದ್ರೆ ನಿಮ್ಮ ಪ್ರಕಾರ ಅರ್ಥ ಏನು?”

“ಕನ್ನಡಿ ತಂದ್ಕೊಡ್ಲಾ?”

ಪಂಡಿತನ ತುಟಿ ನೀಲಿಯಾಯಿತು. “ಅಮ್ಮಾ, ಸ್ವಲ್ಪ ಬೆಂಕಿ…”

ಇವನು ಕುರ್ಚಿಯಲ್ಲೇ ಸತ್ತರೆ ಅವಮಾನ; ಬೆಂಕಿ ಹಚ್ಚಿದರೆ ಅದಕ್ಕಿಂತ ದೊಡ್ಡ ಅವಮಾನ. ಎದುರುಮನೆ ಕಿಟಕಿಯ ಗಾಜಿಗೆ ಹೊರೇಸನ ಮೂಗು ಒತ್ತಿಕೊಂಡಿತ್ತು. ಪಟ್ಟಣದಿಂದ ಬಂದ ನಾಯಿಗೂ ಟೋಪಿ ತೆಗೆದು ನಮಸ್ಕರಿಸುವ ಗಿರಾಕಿ ಅವನು.

“ಏಳು ಮಗಾ. ಈ ಪದದ ಹುಟ್ಟು, ಬೆಳವಣಿಗೆ ಎಲ್ಲಾ ಹೊರೇಸ್‌ಗೇ ಗೊತ್ತಿರೋದು. ಲಂಡನ್ನಿಂದ ಬಂದೆ ಅಂತ ಮೊದಲೇ ಹೇಳ್ಬಿಡು.”

ಪೆಲಮ್ ತೂರಾಡುತ್ತ ರಸ್ತೆ ದಾಟಿದ. ಓದಿದವರು ಯಾರೂ ಜನ್ಮದಲ್ಲಿ ಹೊರೇಸನನ್ನು ಏನೂ ಕೇಳಿರಲಿಲ್ಲ. ಈ ದೊಡ್ಡ ಮನುಷ್ಯ ಚಳಿಗೆ ಹೆದರಿ ಎದ್ದುಹೋದರೆ? ಹತ್ತೇ ನಿಮಿಷದಲ್ಲಿ ಹೊರೇಸನ ಚಿಮಣಿ ಜ್ವಾಲಾಮುಖಿಯಂತೆ ಹೊಗೆ ಉಗುಳಿತು.

ಥರ್ಜಾ ಕಿಟಕಿ ತೆರೆದು ಬಾಣಲೆ ಬಡಿದಳು. ಬೀದಿಯ ಬಾಗಿಲುಗಳೆಲ್ಲ ತೆರೆದವು.

“ಹೊರೇಸಾ! ಬಿಸಿನೀರಿನ ಚೀಲ ಕಳಿಸ್ಲೇನೋ?”

“ಲೇ, ಅತಿಥಿಗೋಸ್ಕರ ಹಚ್ಚಿದ್ದು ಕಣೇ!”

“ಅದೇ ಅತಿಥಿ ಈಗ ತಾನೇ ನನ್ನ ಮನೇಲೂ ಕೂತಿದ್ದ. ನೆಶ್ ಮುಂಡೇದೇ!”

ಬೀದಿಗೆ ಬೀದಿಯೇ ಆ ಪದವನ್ನು ಎತ್ತಿಕೊಂಡಿತು. ಥರ್ಜಾ ಕಿಟಕಿ ಮುಚ್ಚಿ, ಮರಗಟ್ಟಿದ ಬೆರಳಲ್ಲಿ ತನ್ನ ಅಗ್ಗಿಷ್ಟಿಕೆಗೆ ಕಡ್ಡಿ ಗೀರಿದಳು. ಎರಡನೆಯದಾಗಿ ಹೊತ್ತಿಸಿದವರಿಗೆ ಊರು ಹೆಸರಿಟ್ಟಿರಲಿಲ್ಲ.